ಅಲ್ ಶಮಾಲ್‌ನ ಜಿಂಕೆಗೆ ಒಂದು ಬಕೆಟ್ ಬಾರ್ಲಿ

ಇಳಿದ ದಿನ

ಮರಳುಗಾಡಿಗೆ ಹೋಗುವವಳು ಕಂಬಳಿ ಕಟ್ಟಿಕೊಂಡು ಹೊರಟಿದ್ದಾಳೆ ಎಂದು ನನ್ನ ಜೊತೆ ಕೆಲಸ ಮಾಡುವವರು ನಕ್ಕಿದ್ದರು. ದೋಹಾದಲ್ಲಿ ಇಳಿದ ಅರ್ಧ ಗಂಟೆಗೇ ನಾನು ಅದನ್ನು ಬಿಚ್ಚಿ ಹೊದ್ದುಕೊಂಡೆ. ವಿಮಾನ ನಿಲ್ದಾಣದ ಏಸಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಕರಿ ಕಂಬಳಿ ಹೊದ್ದು ಸಾಲಿನಲ್ಲಿ ನಿಂತ ನನ್ನನ್ನು ಮುಂದಿನ ಹುಡುಗಿ ಎರಡು ಸಲ ತಿರುಗಿ ನೋಡಿದಳು. ನೋಡಲಿ. ಆ ಕಂಬಳಿಯ ಉಣ್ಣೆ ನಮ್ಮದೇ ಕುರಿಗಳದ್ದು.

ನನ್ನ ಚೀಲವನ್ನು ಅಧಿಕಾರಿಯೊಬ್ಬರು ಬಿಚ್ಚಿಸಿದರು. ಅದರಲ್ಲಿ ಮಾದರಿ ತುಂಬುವ ಖಾಲಿ ಟ್ಯೂಬುಗಳು, ಒಂದು ಉದ್ದನೆಯ ಸಣ್ಣ ರಬ್ಬರ್ ಕೊಳವೆ, ಮತ್ತು ಅವ್ವ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಖಡಕ್ ಜೋಳದ ರೊಟ್ಟಿ. ಕೊಳವೆಗೂ ಟ್ಯೂಬಿಗೂ ವಿಶ್ವವಿದ್ಯಾಲಯದ ಪತ್ರವಿತ್ತು, ಅವರು ತಕರಾರು ಮಾಡಲಿಲ್ಲ. ರೊಟ್ಟಿಗೆ ಪತ್ರವಿರಲಿಲ್ಲ. ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದರು. ಟಣ್ ಅಂದಿತು.

"ಇದೇನು?"

"ಬ್ರೆಡ್."

ನಂಬಲಿಲ್ಲ. ನಾನು ಒಂದು ತುಂಡು ಮುರಿದು ಅವರ ಎದುರೇ ಕರುಂಕುರುಂ ಅಂತ ತಿಂದೆ. ಅವರು ನಕ್ಕು, "ಯಲ್ಲಾ, ಯಲ್ಲಾ" ಎಂದು ಕೈಬೀಸಿ ಕಳಿಸಿದರು.

ಹೊರಗೆ ಒಬ್ಬರು ರಟ್ಟಿನ ಫಲಕ ಹಿಡಿದು ನಿಂತಿದ್ದರು. ಸುತ್ತ ಎಲ್ಲ ಫಲಕಗಳೂ ಇಂಗ್ಲಿಷಿನಲ್ಲಿ, ಇದೊಂದು ದುಂಡಗಿನ ಕನ್ನಡದಲ್ಲಿ: ಡಾ. ರೇಣುಕಾ. ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆ 'ಡಾ.' ನೋಡಿದೆ. ನಮ್ಮದು ಕುರಿಮಂದೆಯ ಹಿಂದೆ ಊರೂರು ಅಲೆಯುವ ಮನೆತನ. ರಾಯಬಾಗದ ಕಡೆಯಿಂದ ಹೊರಟರೆ ಎಂಟು ತಿಂಗಳು ಹೊಲವೇ ಮನೆ. ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ನನ್ನ ಹತ್ತಿರ ಏಳು ಶಾಲೆಗಳ ಟೀಸಿ ಇದ್ದವು. ನಮ್ಮ ಇಡೀ ಬಳಗದಲ್ಲಿ ಮೊದಲ ಡಿಗ್ರಿ ನನ್ನದು, ಅದೂ ಪಶುವೈದ್ಯಕೀಯ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಸಿಕ್ಕಿದ್ದಾದರೆ ಸಂಕೋಚಪಡುತ್ತಿದ್ದೆ.

ಫಲಕ ಹಿಡಿದವರು ಇದ್ದಿನಬ್ಬ. ಬಂಟ್ವಾಳದ ಹತ್ತಿರದವರು, ಐವತ್ತು ದಾಟಿದ ವಯಸ್ಸು, ಉತ್ತರದ ಅಲ್ ಶಮಾಲ್ ಕಡೆ ಒಬ್ಬ ಕತಾರಿ ಯಜಮಾನರ ತೋಟದ ಮೇಲ್ವಿಚಾರಕರು. ನಾನು ಕೆಲಸ ಮಾಡಬೇಕಿದ್ದದ್ದು ಆ ತೋಟದಲ್ಲೇ.

"ಬನ್ನಿ ಮೇಡಂ, ಬನ್ನಿ. ನಿಂತು ನಿಂತು ನನ್ನ ಕಾಲಿಗೆ ಬೇರು ಬಂತು."

"ಬೋರ್ಡು ಕನ್ನಡದಾಗ ಯಾಕ ಬರದ್ರಿ ಅಣ್ಣಾ?"

"ಇಂಗ್ಲಿಷಲ್ಲಿ ಬರೆದ್ರೆ ಬೇರೆ ಯಾವುದಾದ್ರೂ ರೇಣುಕಾ ಬಂದು ಕಾರಲ್ಲಿ ಕೂತ್ರೆ ಎಂತ ಮಾಡುದು?"

ಖುಷಿಯಲ್ಲಿ ಹೋಗಿ ಕಾರಿನ ಎಡಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟೇರಿಂಗ್. ಇಲ್ಲಿ ಎಲ್ಲವೂ ಆಚೀಚೆ.

"ಅದು ನನ್ನ ಸೀಟು ಮಾರಾಯ್ರೆ! ನೀವೇ ಓಡಿಸುದಾದ್ರೆ ನಾನು ಹಿಂದೆ ಮಲಗ್ತೇನೆ."

ಅಲ್ ಥುಮಾಮಾ

ಮೊದಲ ಮೂರು ದಿನ ವಿಮಾನ ನಿಲ್ದಾಣದ ಹತ್ತಿರದ ಅಲ್ ಥುಮಾಮಾದಲ್ಲಿ ಇಳಿಸಿದ್ದರು. ಕಾಗದಪತ್ರಗಳ ಕೆಲಸವಿತ್ತು. ಮೊದಲ ರಾತ್ರಿ ಬಿರಿಯಾನಿ, ಬೆಳಿಗ್ಗೆ ಚೀಸ್ ರೊಟ್ಟಿ, ಮಧ್ಯಾಹ್ನ ಕುರಿಮಾಂಸದ ಅನ್ನ, ಮೇಲೆ ಖರ್ಜೂರ. ಜೋಳ, ಪುಂಡಿಪಲ್ಯ, ಮಜ್ಜಿಗೆಯಲ್ಲಿ ಬೆಳೆದ ನನ್ನ ಹೊಟ್ಟೆ ಎರಡನೇ ದಿನ ಕೈಚೆಲ್ಲಿತು. ಪ್ರಾಣಿಗಳ ಮೇವು ಬದಲಾದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನೋಡಲು ಬಂದವಳು ಕೋಣೆಯಿಂದ ಕಕ್ಕಸಿಗೆ, ಕಕ್ಕಸಿನಿಂದ ಕೋಣೆಗೆ ಓಡಾಡಿದೆ.

ಇದ್ದಿನಬ್ಬಣ್ಣನ ತಮ್ಮನ ಮನೆ ಅದೇ ಬೀದಿಯಲ್ಲಿ. ಸುದ್ದಿ ಗೊತ್ತಾದ ಗಳಿಗೆಗೆ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ ಬಂತು. ಹಿಡಿದು ತಂದದ್ದು ತಮ್ಮನ ಮಗಳು, ಆರನೇ ತರಗತಿಯ ಹುಡುಗಿ.

"ಆಂಟಿ, ಉಮ್ಮ ಸೇ ಮಾಡಿದ್ದಾರೆ, ಸ್ಲೋ ಆಗಿ ಈಟ್ ಮಾಡಬೇಕಂತೆ."

ಹಿಂದೆಯೇ ಬಂದ ಇದ್ದಿನಬ್ಬಣ್ಣ ತಲೆಗೆ ಕೈ ಹಚ್ಚಿದರು. "ಕೇಳಿದ್ರಾ? ನಾನು ಊರಿಗೆ ಫೋನ್ ಮಾಡಿ ಇವಳಿಗೆ ಕನ್ನಡ ಬರ್ತದೆ ಅಂತ ಹೇಳುದು!"

ಗಂಜಿಗೆ ಹೊಟ್ಟೆ ಸುಮ್ಮನಾಯಿತು. ತಟ್ಟೆ ಖಾಲಿಯಾಗುವವರೆಗೆ ಅವರು ಎದ್ದು ಹೋಗಲಿಲ್ಲ. ಇನ್ನೊಂದು ಸೌಟು, ಇನ್ನೊಂದು ಸೌಟು ಎನ್ನುತ್ತಲೇ ಇದ್ದರು. ಎದುರಿಗಿರುವವರು ಉಣ್ಣದಿದ್ದರೆ ಅವರಿಗೆ ಕಷ್ಟವಾಗುತ್ತದೆ ಎಂದು ಅವತ್ತೇ ನನಗೆ ಕಾಣಿಸಿತು.

ಉತ್ತರದ ದಾರಿ

ದೋಹಾದಿಂದ ಅಲ್ ಶಮಾಲ್‌ಗೆ ರಸ್ತೆ ನೂಲು ಹಿಡಿದ ಹಾಗೆ ನೇರ. ಎರಡೂ ಕಡೆ ಬಯಲು, ಮಣ್ಣಿನ ಬಣ್ಣ ನಮ್ಮ ಕಡೆಯ ಹಳೆಯ ಗೋಡೆಗಳ ಹಾಗೆ. ಬಲಕ್ಕೆ ದೂರದಲ್ಲಿ ರಾಸ್ ಲಫಾನ್‌ನ ಅನಿಲ ಘಟಕಗಳ ಜ್ವಾಲೆ ಹಗಲಿನಲ್ಲೂ ಕಾಣುತ್ತಿತ್ತು. ಇದ್ದಿನಬ್ಬಣ್ಣ ಅಲ್ಲಿ ಹತ್ತು ವರ್ಷ ಪಾಳಿಯಲ್ಲಿ ದುಡಿದು ಆಮೇಲೆ ತೋಟಕ್ಕೆ ಬಂದವರು.

"ಅಲ್ಲಿ ಸಂಬಳ ಹೆಚ್ಚಿತ್ತಲ್ಲ, ಯಾಕ ಬಿಟ್ರಿ?"

"ಅಲ್ಲಿ ಪೈಪಿಗೆ ಎಂತ ಕೊಟ್ರೂ ಅದು ಬಾಲ ಅಲ್ಲಾಡಿಸುದಿಲ್ಲ ಮೇಡಂ."

ನಮ್ಮಲ್ಲಿ ರಸ್ತೆಗೆ ದನ ಬಂದರೆ ವಾಹನ ನಿಲ್ಲುತ್ತದೆ. ಇಲ್ಲಿ ಒಂಟೆ ಬಂತು. ನಿಂತೆವು. ಅದು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, ಬಾಯಾಡಿಸುತ್ತ, ತನಗೆ ಬೇಕಾದಾಗ ದಾಟಿತು. ಬಾಯಾಡಿಸುವ ಪ್ರಾಣಿ ಕಂಡರೆ ನನಗೆ ಯಾವ ದೇಶವೂ ಪರದೇಶವಲ್ಲ.

ತೋಟ, ಮೊದಲ ವಾರ

ಕೆಲಸ ಹೀಗಿತ್ತು. ತೋಟದಲ್ಲಿ ರೀಮ್ ಎನ್ನುವ ಮರಳುಜಿಂಕೆಗಳನ್ನು ಸಾಕಿದ್ದರು. ನಮ್ಮ ಚಿಗರಿ, ಅಂದರೆ ಕೃಷ್ಣಮೃಗಕ್ಕಿಂತ ಚಿಕ್ಕವು, ಮುಖ ಬಿಳಿ, ಮೈ ಮರಳಿನ ಬಣ್ಣ. ಆರು ಹೆಣ್ಣು ಜಿಂಕೆಗಳನ್ನು ಬೇಲಿಯಾಚೆಯ ಕಾಯ್ದಿಟ್ಟ ಬಯಲಿಗೆ ಬಿಡಬೇಕೆಂದು ಯಜಮಾನರ ಆಸೆ. ಹುಟ್ಟಿದಾಗಿನಿಂದ ಅವು ತಿಂದದ್ದು ಬಕೆಟ್ಟಿನ ಬಾರ್ಲಿ ಮತ್ತು ನೀರು ಹಾಯಿಸಿ ಬೆಳೆದ ಹಸಿ ಮೇವು. ಬಯಲಿನಲ್ಲಿ ಇರುವುದು ಒಣಹುಲ್ಲು, ಉಪ್ಪುಪ್ಪು ಕುರುಚಲು. ಇವತ್ತು ಬಾಗಿಲು ತೆಗೆದು ಬಿಟ್ಟರೆ ಹೊಟ್ಟೆ ತುಂಬ ತಿಂದೂ ಸೊರಗುತ್ತವೆ. ಅದಕ್ಕೆ ಐದು ವಾರ ಸ್ವಲ್ಪಸ್ವಲ್ಪವೇ ಮೇವು ಬದಲಿಸುವುದು, ಹಿಕ್ಕೆ ಮತ್ತು ಹೊಟ್ಟೆಯ ರಸ ತೆಗೆದು ಒಳಗಿನ ಬ್ಯಾಕ್ಟೀರಿಯಾ ಹೇಗೆ ಬದಲಾಗುತ್ತವೆ ಎಂದು ನೋಡುವುದು.

ಈ ಅಧ್ಯಯನದ ಮುಖ್ಯಸ್ಥೆ ಇಂಗರ್, ನಾರ್ವೆ ದೇಶದ ಉತ್ತರದ ತುದಿಯವರು. ಐವತ್ತರ ಹೆಂಗಸು, ಎತ್ತರ, ಮಾತು ಕಡಿಮೆ. ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಾರೆ. ನಮ್ಮಲ್ಲಾದರೆ ಆ ಖಾಲಿ ಜಾಗ ತುಂಬಲು ಯಾರಾದರೂ ಚಹಾ ಕುಡಿತೀರಾ ಅನ್ನುತ್ತಾರೆ. ಇವರು ಕಾಯುತ್ತಲೇ ಇರುತ್ತಾರೆ. ಮೊದಲ ದಿನ ನಾನು ಹೆದರಿ, ಓದಿದ್ದನ್ನೆಲ್ಲ ಗಿಳಿಯ ಹಾಗೆ ಒಪ್ಪಿಸಿದೆ. ಕೇಳಿಸಿಕೊಂಡು ಹೇಳಿದರು: "ಓದಿದ್ದು ನನಗೂ ಗೊತ್ತಿದೆ. ನೀನು ನೋಡಿದ್ದನ್ನು ಹೇಳು."

ಇಂಗರ್ ಅವರ ಅಜ್ಜ ಹಿಮಸಾರಂಗ ಮೇಯಿಸುತ್ತಿದ್ದವರು. ಚಳಿಗಾಲದಲ್ಲಿ ಅವು ಹಿಮ ಕೆದರಿ ಅಡಿಯಲ್ಲಿರುವ ಪಾಚಿಯಂಥ ಒಂದು ಬೂದು ಬೆಳವಣಿಗೆಯನ್ನು ತಿನ್ನುತ್ತವಂತೆ. ಫೋಟೋ ತೋರಿಸಿದರು. ನಾನೂ ಇದ್ದಿನಬ್ಬಣ್ಣನೂ ಒಟ್ಟಿಗೇ ಬಾಯಿ ತೆರೆದೆವು.

"ಇದು ದಗಡಫೂಲ!"

"ಕಲ್ಲುಹೂವು! ಬಿರಿಯಾನಿಗೆ ಹಾಕುದಲ್ವಾ ಇದು?"

ಇದ್ದಿನಬ್ಬಣ್ಣ ಅಡುಗೆಮನೆಗೆ ಓಡಿ ಮಸಾಲೆ ಡಬ್ಬಿಯಿಂದ ಒಂದು ಚೂರು ತಂದರು. ಜಾತಿ ಬೇರೆ, ಬಳಗ ಒಂದೇ. ಇಂಗರ್ ಮೂಸಿ, ನಾಲಿಗೆಗೆ ಹಚ್ಚಿ, ಅವತ್ತು ಮೊದಲ ಸಲ ನಕ್ಕರು. "ನನ್ನ ಅಜ್ಜನ ಪ್ರಾಣಿಗಳ ಊಟವನ್ನು ನೀವು ಕೋಳಿ ಬಿರಿಯಾನಿಗೆ ಹಾಕುತ್ತೀರಿ!"

ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. ಅವರು ಚಿಕ್ಕವರಿದ್ದಾಗ ಒಂದು ಚಳಿಗಾಲ ಹಿಮದ ಮೇಲೆ ಮಳೆ ಬಿದ್ದು ಗಟ್ಟಿ ಗಾಜಿನಂತಾಯಿತು. ಸಾರಂಗಗಳಿಗೆ ಅಡಿಯ ಕಲ್ಲುಹೂವು ಸಿಗಲಿಲ್ಲ. ಊರವರು ದಯೆಯಿಂದ ಒಳ್ಳೆಯ ಒಣಹುಲ್ಲು ತಂದು ಸುರಿದರು. ಹಸಿದವು ಗಬಗಬ ತಿಂದವು. ವಾರದಲ್ಲಿ ಸಾಯತೊಡಗಿದವು. ಅಜ್ಜ ಒಂದರ ಹೊಟ್ಟೆ ಸೀಳಿ ತೋರಿಸಿದರು. ಹೊಟ್ಟೆ ತುಂಬ ಹುಲ್ಲು, ಕರಗದೆ, ತಿಂದ ಹಾಗೆಯೇ ಇತ್ತು.

"ಮೇವನ್ನು ಅರಗಿಸುವುದು ಸಾರಂಗ ಅಲ್ಲ. ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು" ಎಂದರು ಇಂಗರ್. "ಕಲ್ಲುಹೂವು ಬಂದರೆ ಕಲ್ಲುಹೂವಿನವು ಹೆಚ್ಚುತ್ತವೆ. ಹುಲ್ಲಿನವು ಅಲ್ಲಿ ನಾಲ್ಕೇ ನಾಲ್ಕು ಇದ್ದವು. ಅವು ಹೆಚ್ಚಲು ದಿನ ಬೇಕಿತ್ತು. ಯಾರೂ ದಿನ ಕೊಡಲಿಲ್ಲ."

ಇದ್ದಿನಬ್ಬಣ್ಣ ಎಲ್ಲವನ್ನೂ ಕೇಳಿಸಿಕೊಂಡು ನನ್ನನ್ನು ಬದಿಗೆ ಕರೆದರು. "ಪಾಪ ಅಲ್ವಾ. ಆದ್ರೆ ಹಸಿದದ್ದಕ್ಕೆ ಕೊಡದೆ ಇರುದು ಹೇಗೆ ಮೇಡಂ?"

ಮೂರನೇ ವಾರ

ಆರರಲ್ಲಿ ಐದು ಜಿಂಕೆಗಳು ಮನುಷ್ಯರ ನೆರಳು ಕಂಡರೆ ಹಾರುತ್ತಿದ್ದವು. ವಾರಕ್ಕೊಮ್ಮೆ, ನಸುಕಿನ ತಂಪಿನಲ್ಲಿ, ಕತ್ತಲೆಯ ಓಣಿಯಂಥ ಪೆಟ್ಟಿಗೆಗೆ ಉಪಾಯದಿಂದ ಹತ್ತಿಸಿಯೇ ಅವುಗಳ ರಸ ತೆಗೆಯಬೇಕಿತ್ತು. ಆರನೆಯದು ಮುತ್ತು. ಹುಟ್ಟಿದ ಮರುದಿನವೇ ತಾಯಿ ಸತ್ತದ್ದರಿಂದ ಇದ್ದಿನಬ್ಬಣ್ಣ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಜಿಂಕೆ. ಯಜಮಾನರ ಪಟ್ಟಿಯಲ್ಲಿ ಅವಳಿಗೆ ಬೇರೆ ಅರಬ್ಬಿ ಹೆಸರಿತ್ತು. ಆದರೆ ಅವಳು ತಿರುಗಿ ನೋಡುತ್ತಿದ್ದದ್ದು ಮುತ್ತು ಎಂದರೆ ಮಾತ್ರ.

ಮೂರನೇ ವಾರಕ್ಕೆ ಬಾರ್ಲಿ ಪೂರ್ತಿ ನಿಂತಿತು. ಒಣಹುಲ್ಲು, ಬಯಲಿನ ಕುರುಚಲು ಅಷ್ಟೇ. ಐದು ಸುಮ್ಮನೆ ತಿಂದವು. ಮುತ್ತು ಮಾತ್ರ ಬೇಲಿಗೆ ಹಣೆ ಹಚ್ಚಿ, ಇದ್ದಿನಬ್ಬಣ್ಣ ಹೋದ ಕಡೆಯೆಲ್ಲ ನೋಡುತ್ತಿದ್ದಳು. ತುಸು ಇಳಿದಿದ್ದಳು ನಿಜ. ಅಷ್ಟು ಇಳಿಯುವುದು ಲೆಕ್ಕದಲ್ಲೇ ಇತ್ತು.

"ಈ ಹುಲ್ಲು ನೋಡಿದ್ರೆ ನನಗೇ ಬಾಯಿ ಒಣಗ್ತದೆ. ಒಂದೇ ಮುಷ್ಟಿ ಕೊಡ್ಲಾ?"

"ಬ್ಯಾಡ ಅಣ್ಣಾ. ಒಂದು ಮುಷ್ಟಿನೂ ಬ್ಯಾಡ."

"ಓದಿದವರಿಗೆ ಕರುಳೇ ಇಲ್ಲ" ಎಂದು ಅವರು ಮುಖ ತಿರುಗಿಸಿದರು. ನಗುತ್ತಲೇ ಹೇಳಿದ್ದು. ಆದರೂ ನನಗೆ ಚುಚ್ಚಿತು. ಕುರಿಮರಿಯನ್ನು ಕಂಬಳಿಯೊಳಗೆ ಕಟ್ಟಿಕೊಂಡು ಮಲಗಿದವಳು ನಾನು.

ಬಕ್ರೀದ್ ಹತ್ತಿರ ಬಂದಿತ್ತು. ತೋಟದ ಪಶುವೈದ್ಯರು ರಜೆಯ ಮೇಲೆ ತಮ್ಮ ದೇಶಕ್ಕೆ ಹೋದರು. ಹೋಗುವಾಗ ನನ್ನ ಕೈಗೆ ಔಷಧಿ ಕಪಾಟಿನ ಬೀಗದ ಕೈ ಕೊಟ್ಟು, "ಏನಾದರೂ ಆದರೆ ಫೋನ್ ಮಾಡಿ, ಏನೂ ಆಗುವುದಿಲ್ಲ" ಅಂದಿದ್ದರು.

ಹಬ್ಬದ ಬೆಳಿಗ್ಗೆ

ನಮಾಜು ಮುಗಿಸಿ ಬಂದ ಇದ್ದಿನಬ್ಬಣ್ಣ ಬಿಳಿ ಹೊಸ ಅಂಗಿಯಲ್ಲಿ ನನ್ನ ಬಾಗಿಲಲ್ಲಿ ನಿಂತಿದ್ದರು. ನಾನು ಹಬ್ಬದ ಶುಭಾಶಯ ಹೇಳಲು ಬಾಯಿ ತೆರೆದೆ.

"ಮೇಡಂ, ಮುತ್ತು ತಲೆ ಎತ್ತುದಿಲ್ಲ."

ಓಡಿದೆವು. ಮುತ್ತು ಮೂಲೆಯಲ್ಲಿ ಕಾಲು ಅಗಲಿಸಿ ನಿಂತಿದ್ದಳು. ಎಡ ಹೊಟ್ಟೆ ಬಿಗಿದಿತ್ತು. ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಸ್ಟೆತಸ್ಕೋಪ್ ಇಟ್ಟೆ. ಮೇಯುವ ಪ್ರಾಣಿಯ ದೊಡ್ಡ ಹೊಟ್ಟೆ ನಿಮಿಷಕ್ಕೊಮ್ಮೆಯಾದರೂ ದೂರದ ಗುಡುಗಿನ ಹಾಗೆ ಗುಡುಗುಡು ಅನ್ನಬೇಕು. ಏನೂ ಇಲ್ಲ. ಒಳಗೆ ಮೌನ.

"ಏನ್ ತಿಂದಾಳ?"

"ಹುಲ್ಲೇ."

ನೆಲದ ಮೇಲೆ ಹಿಕ್ಕೆ ಇರಲಿಲ್ಲ, ತೆಳ್ಳಗೆ ಹರಿದಿತ್ತು. ಬಗ್ಗಿ ಮೂಸಿದೆ. ಇದನ್ನು ಯಾವ ಕಾಲೇಜೂ ಕಲಿಸಿದ್ದಲ್ಲ, ಮಂದೆ ಕಲಿಸಿದ್ದು.

"ಅಣ್ಣಾ, ಹುಲ್ಲು ತಿಂದ್ರ ಹಿಂಗ ಹುಳಿ ನಾರೂದಿಲ್ಲ."

ಅವರು ಬೇಲಿಯ ಕಂಬ ಹಿಡಿದುಕೊಂಡರು. "ನಿನ್ನೆ ಸಾಯಂಕಾಲ... ಒಂದು ಬಕೆಟ್ ಬಾರ್ಲಿ. ಮತ್ತೆ ಸ್ವಲ್ಪ ಖುಬೂಸ್ ರೊಟ್ಟಿ. ಬೆಳಗಾದ್ರೆ ಹಬ್ಬ ಮೇಡಂ. ಹಬ್ಬಕ್ಕೆ ಮನೆಯಲ್ಲಿ ಒಬ್ಬರು ಹಸಿದಿರುದಾ? ನನ್ನ ಉಮ್ಮ ಹಬ್ಬದ ಹಿಂದಿನ ದಿನ ಬೆಕ್ಕಿಗೂ ಮೀನು ಹಾಕಿಯೇ ಮಲಗ್ತಿದ್ದದ್ದು. ಇವಳು ಹೇಗೆ ತಿಂದ್ಲು ಗೊತ್ತುಂಟಾ... ಬಕೆಟ್ ನೆಕ್ಕಿದ್ಲು."

ಬೈಯುತ್ತ ಕೂರಲು ಹೊತ್ತಿರಲಿಲ್ಲ. ಅವಳ ಹೊಟ್ಟೆ ಮೂರು ವಾರದಲ್ಲಿ ಹುಲ್ಲಿನ ಬ್ಯಾಕ್ಟೀರಿಯಾಗಳ ಊರಾಗಿತ್ತು. ಒಂದೇ ಸಲ ಅಷ್ಟು ಕಾಳು ಬಿದ್ದಾಗ ಕಾಳು ತಿನ್ನುವವು ರಾತ್ರೋರಾತ್ರಿ ಹೆಚ್ಚಿ, ಎಲ್ಲವನ್ನೂ ಹುಳಿ ಮಾಡಿ, ಹುಲ್ಲಿನವನ್ನು ಕೊಂದಿದ್ದವು. ಆ ಹುಳಿ ರಕ್ತಕ್ಕೆ ಏರಿದರೆ ಒಂದೆರಡು ದಿನದಲ್ಲಿ ಮುಗಿಯಿತು.

ಪಶುವೈದ್ಯರಿಗೆ ಫೋನ್ ಹಚ್ಚಿದೆ. ಅವರೂ ನನ್ನ ಹಾಗೆಯೇ ಯೋಚಿಸಿದರು: ಸೋಡಾ ಕೊಡಿ, ಸಲೈನ್ ಹಾಕಿ, ಕಾಯಿರಿ. ಕಪಾಟಿನಿಂದ ಸಲೈನ್ ತಂದು ಹಚ್ಚಿದೆ. ಅಡುಗೆಮನೆಯ ಸೋಡಾ ಪುಡಿಯನ್ನು ನೀರಿಗೆ ಕಲಸಿ, ಹೊಟ್ಟೆಯ ರಸ ತೆಗೆಯಲು ತಂದಿದ್ದ ಕೊಳವೆಯನ್ನು ಬಾಯಿಂದ ಇಳಿಸಿ, ಅದರಲ್ಲೇ ನಿಧಾನಕ್ಕೆ ಹಾಕಿದೆ. ಇಂಗರ್ ತಲೆ ಹಿಡಿದುಕೊಂಡರು. ಇದ್ದಿನಬ್ಬಣ್ಣ ಹೊಸ ಅಂಗಿಯಲ್ಲೇ ಮಣ್ಣಿನಲ್ಲಿ ಮೊಣಕಾಲೂರಿ, ಮುತ್ತುವಿನ ಕಿವಿಯಲ್ಲಿ ತಮ್ಮ ಬ್ಯಾರಿ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು. ನನಗೆ ಅರ್ಥವಾಗಲಿಲ್ಲ. ತಪ್ಪಾಯಿತು ಎನ್ನುವುದು ಯಾವ ಭಾಷೆಯಲ್ಲಿ ಹೇಳಿದರೂ ಒಂದೇ ರೀತಿ ಕೇಳಿಸುತ್ತದೆ.

ಹತ್ತು ಗಂಟೆಗೆ ಹಲ್ಲು ಕಡಿಯುವುದು ನಿಂತಿತು. ಹೊಟ್ಟೆ ಮಾತ್ರ ಮೂಕವಾಗಿಯೇ ಇತ್ತು.

ಹಬ್ಬದ ಮಧ್ಯಾಹ್ನ

ಇಂಗರ್ ನನ್ನನ್ನು ನೋಡಿ ಸುಮ್ಮನೆ ಕಾದರು. ಹೇಳುವುದೋ ಬೇಡವೋ ಎಂದು ನಾನು ನುಂಗುತ್ತಿದ್ದ ಮಾತು ಒಂದಿತ್ತು.

ಮಂದೆಯಲ್ಲಿ ಕುರಿ ಹೀಗೆ ಮೆಲುಕು ಬಿಟ್ಟರೆ ಅವ್ವ ಇನ್ನೊಂದು ಗಟ್ಟಿಮುಟ್ಟು ಕುರಿಯ ಹತ್ತಿರ ಕೂರುತ್ತಾಳೆ. ಅದು ಮೆಲುಕು ಹಾಕುವಾಗ ಹಲ್ಲಿಲ್ಲದ ಸಂದಿಯಲ್ಲಿ ಹೆಬ್ಬೆರಳು ತೂರಿಸಿ ಹಸಿರು ಉಂಡೆಯನ್ನು ಹೊರಗೆಳೆದು, ಬಿಸಿ ಆರುವ ಮೊದಲೇ ರೋಗದ ಕುರಿಯ ಗಂಟಲಿಗೆ ಇಳಿಸುತ್ತಾಳೆ. "ಹೊಟ್ಟಿಗೆ ಹೆಪ್ಪ ಹಾಕೂದು" ಅನ್ನುತ್ತಾಳೆ. ಕಾಲೇಜಿನ ಮೊದಲ ವರ್ಷ ಇದನ್ನು ತರಗತಿಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಒಂದು ತಿಂಗಳು ನನ್ನನ್ನು 'ಹೆಪ್ಪು' ಎಂದೇ ಕರೆದರು. ಮೂರನೇ ವರ್ಷದಲ್ಲಿ ಅದೇ ವಿಷಯ ಇಂಗ್ಲಿಷ್ ಹೆಸರು ಹೊತ್ತು ಪಠ್ಯಪುಸ್ತಕದಲ್ಲಿ ಬಂತು. ಎಲ್ಲರೂ ಅಡಿಗೆರೆ ಎಳೆದುಕೊಂಡರು. ನಾನು ಎದ್ದು ನಿಂತು ಇದೇ ಅಲ್ಲವೇ ನಾನು ಹೇಳಿದ್ದು ಎಂದು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನನಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಈಗ ಹೇಳಿದೆ. ಪುಸ್ತಕದ ಹೆಸರು ಬಿಟ್ಟು, ಅವ್ವನ ಹೆಬ್ಬೆರಳಿನಿಂದಲೇ ಶುರುಮಾಡಿ ಹೇಳಿದೆ.

ಇಂಗರ್ ಕೇಳಿದರು: "ಯಾರಿಂದ ತೆಗೆಯುತ್ತೀ? ಉಳಿದ ಐದನ್ನು ಈ ಬಿಸಿಲಲ್ಲಿ ಹಿಡಿಯಲು ಹೋದರೆ ಅವೂ ಸಾಯುತ್ತವೆ."

ಅವ್ವನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದೆ.

"ಏನವಾ, ಇಷ್ಟೊತ್ತನ್ಯಾಗ? ಉಂಡಿಯೇನ?"

ಎಲ್ಲ ಹೇಳಿದೆ. ಅವ್ವ ಕೇಳಿದ ಮೊದಲ ಪ್ರಶ್ನೆ: "ಕಾಳು ಹಾಕಿದಾಂವ ಯಾರು?"

ಇದ್ದಿನಬ್ಬಣ್ಣ ಫೋನಿನ ಹತ್ತಿರ ಬಾಗಿದರು. "ನಾನು ಅಮ್ಮ. ಹಬ್ಬ ಅಂತ..."

"ಹಬ್ಬ ನಿಂದೋ ಅದರದ್ದೋ? ಅದು ಬಂದು ನಿನಗ ಹೇಳಿತ್ತೇನಪಾ, ನಾಳಿ ನನ್ನ ಹಬ್ಬ ಐತಿ, ಬಕೀಟು ತುಂಬಿಸಿಡು ಅಂತ?"

"ಇಲ್ಲ ಅಮ್ಮ."

"ಮತ್ತ? ಇರ್ಲಿ, ಅಳಬ್ಯಾಡ. ಇವತ್ತ ಅಲ್ಲಿ ಕುರಿ ಕೊಯ್ತಾರಲ್ಲಾ? ಹೊಟ್ಟಿ ಒಗದು ಬಿಡ್ತಾರ. ಒಗೀಬ್ಯಾಡಂತ ಹೇಳು. ಆದ್ರ ನೋಡವಾ, ಹುಲ್ಲ ತಿಂದ ಕುರೀದಽ ಬೇಕ. ಕಾಳ ತಿಂದ ಕೊಬ್ಬಿದ್ದರದು ತಂದೀರಿ ಮತ್ತ."

ನಮ್ಮ ಮೂವರ ತಲೆಗೂ ಹೊಳೆಯದ್ದು ಅದು. ಕೊಯ್ಯಲು ಕಟ್ಟಿದ್ದ ಕುರಿಗಳಲ್ಲಿ ಎರಡು ಹೊರಗಿನಿಂದ ಬಂದವು, ಕಾಳು ತಿಂದು ಮಿರಿಮಿರಿ ಮಿಂಚುತ್ತಿದ್ದವು. ಒಂದು ತೋಟದಲ್ಲೇ ಹುಟ್ಟಿ ನಮ್ಮ ಜಿಂಕೆಗಳಿಗೆ ಹಾಕುವ ಒಣಹುಲ್ಲನ್ನೇ ತಿಂದು ಬೆಳೆದ ಟಗರು. ಅದರ ಹೊಟ್ಟೆ ಬೇಕು. ಕೇಳಬೇಕಾದವರು ಯಜಮಾನರು. ಮಕ್ಕಳು ಮೊಮ್ಮಕ್ಕಳೊಂದಿಗೆ ಆಗಷ್ಟೇ ಬಂದು ಚಪ್ಪರದಡಿ ಕೂತಿದ್ದರು. ಯಾಕೆ ಬೇಕು ಎಂದರೆ ಬಕೆಟ್ಟಿನ ಕತೆ ಹೇಳಲೇಬೇಕು.

"ನಾನು ಹೇಳ್ತೇನ್ರಿ ಅಣ್ಣಾ, ಇಂಗ್ಲಿಷಿನ್ಯಾಗ" ಎಂದೆ.

"ಬೇಡ. ಹಾಕಿದ್ದು ನಾನು" ಎಂದು ಇದ್ದಿನಬ್ಬಣ್ಣ ಹೋದರು.

ನಾವು ಸ್ವಲ್ಪ ಹಿಂದೆ ನಿಂತೆವು. ಅರಬ್ಬಿಯಲ್ಲಿ ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. ಮಣ್ಣಾದ ಅಂಗಿ, ಕೈಯಲ್ಲಿ ಸೋಡಾದ ಬಿಳಿ. ದೊಡ್ಡ ಮಗ ಏನೋ ಗದರಿದ. ಮುದುಕ ಯಜಮಾನರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಆಮೇಲೆ ಒಂದು ಮಾತು ಹೇಳಿ, ತಮ್ಮ ದುಂಡು ಹೊಟ್ಟೆ ತಟ್ಟಿಕೊಂಡರು. ಚಪ್ಪರದವರೆಲ್ಲ ನಕ್ಕರು.

"ಎಂತ ಹೇಳಿದ್ದು ಗೊತ್ತುಂಟಾ?" ವಾಪಸು ಬಂದ ಇದ್ದಿನಬ್ಬಣ್ಣ ಕಣ್ಣೊರೆಸಿಕೊಂಡರು. "ನನ್ನ ತಾಯಿಯೂ ನನ್ನನ್ನು ಹೀಗೇ ಹಾಳು ಮಾಡಿದ್ದು, ಅಂತ. ಹೊಟ್ಟೆ ತೆಗೊಳ್ಳಿ, ಆದ್ರೆ ಜಿಂಕೆ ಉಳಿಸಿ ಅಂದ್ರು."

ಟಗರಿನ ಹೊಟ್ಟೆ ಬಿಸಿಯಾಗಿಯೇ ಬಂತು. ಒಳಗಿನ ಹಸಿರು ಗಂಜಿಯನ್ನು ಹಿಂಡಿ ಸೋಸಲು ಬಟ್ಟೆ ಬೇಕಿತ್ತು. ಇದ್ದಿನಬ್ಬಣ್ಣ ಹಬ್ಬಕ್ಕೆಂದು ಊರಿನಿಂದ ತರಿಸಿದ ಹೊಸ ಬೈರಾಸು ಟವೆಲ್ಲನ್ನು ಬಿಚ್ಚಿ ಕೊಟ್ಟರು. ತಣ್ಣಗಾದರೆ, ಗಾಳಿ ಕುಡಿದರೆ ಅದರೊಳಗಿನ ಜೀವಗಳು ಸಾಯುತ್ತವೆ. ತಕ್ಷಣ ತುಂಬಿಡಲು ಅಲ್ಲಿ ಕಂಡದ್ದು ಚಹಾದ ಫ್ಲಾಸ್ಕ್. ಇಂಗರ್ ಅದರಲ್ಲಿದ್ದ ಚಹಾವನ್ನು ಮರಳಿಗೆ ಸುರಿದು, ಬಿಸಿನೀರಲ್ಲಿ ತೊಳೆದು ಹಿಡಿದರು. ಹೀಗೆ ನಾರ್ವೆಯ ಪ್ರೊಫೆಸರು ಫ್ಲಾಸ್ಕ್ ಹಿಡಿದು, ರಾಯಬಾಗದ ಕುರಿಗಾರರ ಮಗಳು ಬೈರಾಸು ಹಿಂಡಿ, ಬಂಟ್ವಾಳದವರು ಜಿಂಕೆಯ ತಲೆ ಹಿಡಿದು, ಅರ್ಧ ಲೀಟರಿನಷ್ಟು ಹೆಪ್ಪು ಮುತ್ತುವಿನ ಹೊಟ್ಟೆ ಸೇರಿತು.

ಕೈ ತೊಳೆಯುವಾಗ ಇಂಗರ್ ಹೇಳಿದರು: "ಇನ್ನು ಅವಳು ಅಧ್ಯಯನದಲ್ಲಿ ಇರುವ ಹಾಗಿಲ್ಲ. ಅವಳೊಳಗೆ ಈಗ ಕುರಿಯ ಬ್ಯಾಕ್ಟೀರಿಯಾ ಇವೆ."

"ಗೊತ್ತು. ಕ್ಷಮಿಸಿ."

"ಯಾಕೆ ಕ್ಷಮಿಸಬೇಕು? ಐದು ಇವೆ. ಇವಳಿಗೆ ಬೇರೆ ಪುಸ್ತಕ ಹಾಕೋಣ. ಹಾಳಾದ ಹೊಟ್ಟೆ ಮತ್ತೆ ಹೇಗೆ ಕೂಡಿಕೊಳ್ಳುತ್ತದೆ ಎಂದು ನಾನೂ ನೋಡಬೇಕು." ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ದಿನಾಂಕ ಬರೆದರು, ಪ್ರಾಣಿ ಬರೆದರು. ವಿಧಾನ ಹೇಳಿಕೊಟ್ಟವರು ಎಂಬಲ್ಲಿ ಪೆನ್ನು ನಿಲ್ಲಿಸಿದರು. "ನಿನ್ನ ತಾಯಿಯ ಹೆಸರು? ಅಕ್ಷರ ಹೇಳು."

ಮಾಯವ್ವ. ಒಂದೊಂದೇ ಅಕ್ಷರ ಹೇಳಿದೆ.

ಹಬ್ಬದ ಮೂರನೇ ದಿನ

ಮರುದಿನ ಮುತ್ತು ನೀರು ಕುಡಿದಳು. ಸ್ಟೆತಸ್ಕೋಪಿನಲ್ಲಿ ಎಲ್ಲೋ ದೂರ ಒಂದು ಗುಡುಗು, ಬಹಳ ಹೊತ್ತು ಬಿಟ್ಟು ಇನ್ನೊಂದು. ಇನ್ನೊಮ್ಮೆ ಹೆಪ್ಪು ಕೊಡಲು ಟಗರು ಉಳಿದಿರಲಿಲ್ಲ, ಇದ್ದದ್ದರಲ್ಲೇ ಅವಳ ಹೊಟ್ಟೆ ಊರು ಕಟ್ಟಿಕೊಳ್ಳಬೇಕಿತ್ತು. ಸಂಜೆಗೆ ನಾಲ್ಕು ಎಳೆ ಒಣಹುಲ್ಲು ಬಾಯಿಗೆ ತೆಗೆದುಕೊಂಡು ಎರಡನ್ನು ಉಗುಳಿದಳು. ಮೆಲುಕು ಇಲ್ಲ. ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಮೆಲಕ ಹಾಕೂತನಕಾ ಏನೂ ಹೇಳಾಕ ಬರೂದಿಲ್ಲ" ಎಂದಳು. "ಹಾಕಿದ್ಲಂದ್ರ ಎಣಸು. ಒಂದ ಉಂಡಿ ನಲವತ್ತು ಸಲಕ್ಕಿಂತ ಹೆಚ್ಚಿಗಿ ಜಗದ್ರ ಗೆದ್ದಾಂಗ. ಹತ್ತು ಹದಿನೈದಕ್ಕ ನುಂಗಿದ್ರ ಒಳಗ ಇನ್ನೂ ಸರಿಯಾಗಿಲ್ಲ."

ಮೂರನೇ ದಿನ ಬೆಳಿಗ್ಗೆ ಮುತ್ತು ಬೇಲಿಯ ಪಕ್ಕದ ಮರದ ನೆರಳಲ್ಲಿ ಕಾಲು ಮಡಚಿ ಮಲಗಿದ್ದಳು. ನಾವು ಮೂವರೂ ಸ್ವಲ್ಪ ದೂರದಲ್ಲಿ ಮರಳ ಮೇಲೆ ಕೂತೆವು. ಅವ್ವ ಫೋನಿನಲ್ಲಿದ್ದಳು. ಅತ್ತ ಕಡೆಯಿಂದ ನಮ್ಮ ಮಂದೆಯ ಗಂಟೆ ಸದ್ದು ಬರುತ್ತಿತ್ತು.

ಮುತ್ತುವಿನ ಕುತ್ತಿಗೆಯ ಕೆಳಗಿನಿಂದ ಒಂದು ಉಬ್ಬು ಮೇಲೆ ಹತ್ತಿತು, ಇಲಿಯೊಂದು ಬಟ್ಟೆಯಡಿ ಓಡಿದ ಹಾಗೆ. ಬಾಯಿ ಒಂದು ಸಲ ಆಡಿತು. ಇನ್ನೊಂದು ಸಲ.

ಇದ್ದಿನಬ್ಬಣ್ಣ ಯಾರೂ ಮಾತಾಡಬಾರದೆಂದು ಕೈ ಎತ್ತಿದರು. ತುಟಿಯಲ್ಲೇ ಬ್ಯಾರಿಯಲ್ಲಿ ಎಣಿಸತೊಡಗಿದರು. "ಒನ್ನು, ರಂಡು, ಮೂನು..." ಹದಿನೈದರಲ್ಲಿ ಅವಳು ನಿಲ್ಲಿಸಿದಳು. ಇದ್ದಿನಬ್ಬಣ್ಣನ ಎಣಿಕೆಯೂ ನಿಂತಿತು. ನೊಣವೊಂದು ಕಿವಿಯ ಮೇಲೆ ಕೂತಿತ್ತು, ಅಷ್ಟೇ. ಕಿವಿ ಕೊಡವಿ ಮತ್ತೆ ಜಗಿಯತೊಡಗಿದಳು. ಮೂವತ್ತು ದಾಟಿತು. ಇಂಗರ್‌ಗೆ ಭಾಷೆ ತಿಳಿಯದು, ಅವರೂ ಬೆರಳು ಮಡಚುತ್ತಿದ್ದರು. ನಲವತ್ತು. ನಲವತ್ತೈದು.

ಮುತ್ತು ನುಂಗಿದಳು. ಅರೆಗಳಿಗೆ ಏನೂ ಇಲ್ಲ. ಕುತ್ತಿಗೆಯಲ್ಲಿ ಇನ್ನೊಂದು ಉಬ್ಬು ಹತ್ತಿ ಬಂತು.

"ಎಷ್ಟಾತು?" ಫೋನಿನಿಂದ ಅವ್ವ.

"ನಲವತ್ತೇಳು ಅಮ್ಮ!" ಇದ್ದಿನಬ್ಬಣ್ಣ ಕೂಗಿದ ಜೋರಿಗೆ ಆಚೆಯ ಐದೂ ಜಿಂಕೆಗಳು ಹಾರಿದವು.

"ಬದಕೇತಿ ಬಿಡು. ಈಗ ಏಳ್ರಿ ಎಲ್ಲಾರೂ. ಮುಂದ ಕುಂತು ಬಾಯಿ ನೋಡಿದ್ರ ಅದು ಹೆಂಗ ಉಂಡೀತು?"

ಎದ್ದೆವು. ನನ್ನ ಕಾಲು ಜೋಮು ಹಿಡಿದಿತ್ತು. ಇಂಗರ್ ಹೊಸ ಪುಸ್ತಕ ತೆರೆದು ನಲವತ್ತೇಳು ಎಂದು ಬರೆದುಕೊಂಡರು. ಇನ್ನು ಹದಿನೈದು ದಿನಕ್ಕೆ ಐದು ಜಿಂಕೆಗಳಿಗೆ ಬಾಗಿಲು ತೆರೆಯುತ್ತಿತ್ತು. ಮುತ್ತು ಬರುವ ಚಳಿಗಾಲದ ತಂಡದಲ್ಲಿ ಹೋಗಲಿ, ಅಲ್ಲಿಯವರೆಗೆ ಮೇವು ಬದಲಿಸುವ ಕೆಲಸ ಇದ್ದಿನಬ್ಬನದೇ ಎಂದು ಯಜಮಾನರು ಹೇಳಿ ಕಳಿಸಿದ್ದರು.

ಇದ್ದಿನಬ್ಬಣ್ಣ ಕೊನೆಗೆ ಹೊರಬಂದು ಬಾಗಿಲ ಚಿಲಕ ಹಾಕಿದರು. ಒಳಗಿನಿಂದ ಮುತ್ತು ಬಾಯಾಡಿಸುತ್ತಲೇ ಅವರ ಕಡೆ ತಿರುಗಿ ನೋಡಿದಳು. ಅವರು ಒಂದು ಗಳಿಗೆ ನಿಂತರು. ನಾನು ಏನೂ ಕೇಳಿರಲಿಲ್ಲ. ಆದರೂ ನನ್ನತ್ತ ತಿರುಗಿ, ಅಂಗಿಯ ಎರಡೂ ಜೇಬುಗಳನ್ನು ಹೊರಗೆಳೆದು ಕೊಡವಿ ತೋರಿಸಿದರು.

"ನೋಡಿ ಮೇಡಂ. ಎಂತದೂ ಇಲ್ಲ."